ಕೋಡ್ ಬಿಟ್ಟುಕೊಟ್ಟರು, ಚಿತ್ರ ಯಾರದು?

ಒಂದು ಆಟದ ಮೇಲೆ ‘ಓಪನ್ ಸೋರ್ಸ್’ ಎಂದು ಬರೆದಿದ್ದರೆ ಸಾಕು, ಅದನ್ನು ನಕಲು ಮಾಡಬಹುದು, ತಿದ್ದಬಹುದು, ಶಾಲೆಯ ಕಂಪ್ಯೂಟರುಗಳಿಗೆಲ್ಲ ಹಾಕಿಕೊಡಬಹುದು ಎಂದು ನಾವು ನಂಬಿಬಿಡುತ್ತೇವೆ. ಕೋಡಿನ ಮಟ್ಟಿಗೆ ಅದು ನಿಜ. ಆದರೆ ಆಟ ಅಂದರೆ ಬರೀ ಕೋಡ್ ಅಲ್ಲವಲ್ಲ. ಪರದೆಯ ಮೇಲೆ ಓಡುವ ಪಾತ್ರ, ಅದರ ಹಿಂದಿನ ಗುಡ್ಡ, ಗೋಡೆಯ ಮೇಲಿನ ಪಾಚಿ, ಬಾಗಿಲು ತೆರೆದಾಗಿನ ಸದ್ದು, ಗೆದ್ದಾಗ ಮೊಳಗುವ ವಾದ್ಯ, ಅಂಕ ತೋರಿಸುವ ಅಕ್ಷರ ಎಲ್ಲವೂ ಸೇರಿ ಆಟ. ಆಡುವವರ ಕಣ್ಣಿಗೆ, ಕಿವಿಗೆ ತಲುಪುವುದು ಇವೇ. ಇವನ್ನು ಮಾಡಿದವರು ಬೇರೆ ಬೇರೆ ಮಂದಿ. ಒಬ್ಬೊಬ್ಬರ ಹಕ್ಕೂ ಬೇರೆ, ಅವರು ಕೊಟ್ಟ ಅನುಮತಿಯೂ ಬೇರೆ. ಕೋಡ್ ಮುಕ್ತವಾಯಿತೆಂದು ಇವೂ ತಾವಾಗಿ ಮುಕ್ತವಾಗುವುದಿಲ್ಲ.

‘ಡೂಮ್’ ಆಟದ ಕಥೆ ನೋಡಿ. ಅಮೆರಿಕದ ಐಡಿ ಸಾಫ್ಟ್‌ವೇರ್ ಸಂಸ್ಥೆ ಅದನ್ನು 1993ರ ಡಿಸೆಂಬರಿನಲ್ಲಿ ಹೊರತಂದಿತು. ಅದರ ಕೋಡ್ ಬರೆದವರಲ್ಲಿ ಮುಖ್ಯರಾದ ಜಾನ್ ಕಾರ್ಮ್ಯಾಕ್ ಆಟವನ್ನು ಎರಡು ಭಾಗ ಮಾಡಿ ಇಟ್ಟಿದ್ದರು. ಆಟ ನಡೆಸುವ ಎಂಜಿನ್ ಒಂದು ಕಡೆ. ಚಿತ್ರ, ಧ್ವನಿ, ನಕ್ಷೆಗಳನ್ನು ತುಂಬಿದ ‘ವ್ಯಾಡ್’ ಎಂಬ ಕಡತ ಇನ್ನೊಂದು ಕಡೆ. ಆಡುವವರು ತಮ್ಮದೇ ಹಂತಗಳನ್ನು ಕಟ್ಟಿಕೊಳ್ಳಲು ಇದರಿಂದ ಅನುಕೂಲವಾಯಿತು. 1997ರ ಡಿಸೆಂಬರ್ 23ರಂದು ಎಂಜಿನ್ನಿನ ಕೋಡನ್ನು ಲೋಕಕ್ಕೆ ಬಿಟ್ಟುಕೊಟ್ಟರು. 1999ರಲ್ಲಿ ಅದು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಗೆ ಒಳಪಟ್ಟಿತು. ಡೂಮ್ ಕಂಡಕಂಡ ಯಂತ್ರಗಳ ಮೇಲೆಲ್ಲ ಓಡತೊಡಗಿದ್ದು ಆ ಬಿಡುಗಡೆಯ ಫಲ. ವ್ಯಾಡ್ ಕಡತ ಮಾತ್ರ ಸಂಸ್ಥೆಯ ಬಳಿಯೇ ಉಳಿಯಿತು. ಮೊದಲ ಕೆಲವು ಹಂತಗಳ ಉಚಿತ ಮಾದರಿಯನ್ನು ಬಿಟ್ಟರೆ ಉಳಿದದ್ದೆಲ್ಲ ಇಂದಿಗೂ ಹಣ ಕೊಟ್ಟು ಕೊಳ್ಳಬೇಕಾದ ಸರಕು.

ಆ ಬಿಡುಗಡೆಯ ಜತೆಗಿದ್ದ ಟಿಪ್ಪಣಿಯಲ್ಲಿ ಕಾರ್ಮ್ಯಾಕ್ ಇನ್ನೊಂದು ಸಂಗತಿ ಬರೆದಿದ್ದಾರೆ. ಹೆಚ್ಚಿನವರು ಡೂಮ್ ಆಡಿದ್ದು ಡಾಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೇಲೆ. ಬಿಡುಗಡೆಯಾದದ್ದು ಲಿನಕ್ಸ್ ಆವೃತ್ತಿಯ ಕೋಡ್. ಡಾಸ್ ಆವೃತ್ತಿಯ ಒಳಗೆ ಬೇರೆಯವರ ಹಕ್ಕಿನ ಧ್ವನಿ ಲೈಬ್ರರಿಯೊಂದು ಸೇರಿಕೊಂಡಿದ್ದರಿಂದ ಅದನ್ನು ಕೊಡಲು ಅವರಿಗೇ ಅಧಿಕಾರವಿರಲಿಲ್ಲ. ಆ ಲೈಬ್ರರಿ ಬಳಸಿದ್ದು ದೊಡ್ಡ ತಪ್ಪು ಎಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ತಾವೇ ಕಟ್ಟಿದ ಆಟವನ್ನು ತಾವೇ ಪೂರ್ತಿ ಕೊಡಲಾಗದ ಸ್ಥಿತಿ ಅದು. ಒಳಗೆ ಸೇರಿಸಿದ ಪ್ರತಿ ತುಣುಕೂ ಯಾರದೆಂದು ಮೊದಲ ದಿನವೇ ವಿಚಾರಿಸಬೇಕು ಅನ್ನುವುದಕ್ಕೆ ನನಗೆ ಗೊತ್ತಿರುವ ಉದಾಹರಣೆಗಳಲ್ಲಿ ಇದಕ್ಕಿಂತ ಸ್ಪಷ್ಟವಾದದ್ದಿಲ್ಲ.

ಎಂಜಿನ್ ಎಲ್ಲರ ಕೈಯಲ್ಲಿದೆ, ತೋರಿಸಲು ಚಿತ್ರವಿಲ್ಲ. 2001ರಲ್ಲಿ ‘ಫ್ರೀಡೂಮ್’ ಯೋಜನೆ ಹುಟ್ಟಿದ್ದು ಈ ಕೊರತೆಯಿಂದ. ಅಭಿಮಾನಿಗಳು ಡೂಮ್‌ಗಾಗಿ ಸಾವಿರಾರು ಹಂತಗಳನ್ನು ಕಟ್ಟಿದ್ದಾರೆ. ಆ ಹಂತಗಳು ಇಂಥ ಹೆಸರಿನ ಗೋಡೆ ಬೇಕು, ಇಂಥ ಹೆಸರಿನ ಬಾಗಿಲು ಬೇಕು ಎಂದು ವ್ಯಾಡ್ ಕಡತವನ್ನು ಕೇಳುತ್ತವೆ. ಆ ಒಂದೊಂದು ಹೆಸರಿಗೂ ಹೊಸ ಚಿತ್ರ ಬರೆದಿಡಬೇಕು. ಒಂದೊಂದು ಸದ್ದಿಗೂ ಹೊಸ ಸದ್ದು ಮಾಡಬೇಕು. ರಕ್ಕಸನೊಬ್ಬ ನಡೆಯುವ ಒಂದೊಂದು ಹೆಜ್ಜೆಯನ್ನೂ ಎಂಟು ದಿಕ್ಕುಗಳಿಂದ ಕಾಣುವಂತೆ ಬಿಡಿಸಬೇಕು. ಮೂಲ ಚಿತ್ರಕ್ಕೆ ಬಣ್ಣ ಬದಲಿಸಿ ಕೊಟ್ಟರೆ ಫ್ರೀಡೂಮ್ ತಂಡ ಒಪ್ಪುವುದಿಲ್ಲ, ಏಕೆಂದರೆ ಬಣ್ಣ ಬದಲಾದರೂ ಹಕ್ಕು ಬದಲಾಗುವುದಿಲ್ಲ. ಬೇರೊಂದು ಆಟದಿಂದ ಎತ್ತಿಕೊಂಡದ್ದೂ ಬೇಡ. ಎಲ್ಲವೂ ಸ್ವಂತದ್ದಾಗಿರಬೇಕು, ಇಲ್ಲವೇ ಸ್ಪಷ್ಟ ಅನುಮತಿ ಇರಬೇಕು. ಇಪ್ಪತ್ತು ವರ್ಷ ಕಳೆದ ಮೇಲೂ ಆ ಕೆಲಸ ನಡೆದೇ ಇದೆ. ಕೋಡ್ ಬಿಡುಗಡೆಗೆ ಒಂದು ದಿನ ಸಾಕಾಯಿತು. ಚಿತ್ರಗಳ ಬಿಡುಗಡೆಗೆ ಒಂದು ತಲೆಮಾರಿನ ದುಡಿಮೆ ಬೇಕಾಯಿತು.

ಈ ಮಾತಿನ ನಡುವೆ ಮೂಲದ ಕಲಾವಿದರನ್ನು ನೆನೆಯದೆ ಮುಂದೆ ಹೋಗಲಾರೆ. ಡೂಮ್‌ನ ರಕ್ಕಸರಲ್ಲಿ ಕೆಲವರನ್ನು ಏಡ್ರಿಯನ್ ಕಾರ್ಮ್ಯಾಕ್ ಮಣ್ಣಿನಲ್ಲಿ ಗೊಂಬೆ ಮಾಡಿ, ಸುತ್ತಲೂ ತಿರುಗಿಸಿ ಕ್ಯಾಮೆರಾದಲ್ಲಿ ಹಿಡಿದು, ಆಮೇಲೆ ಪರದೆಗೆ ತಂದವರು. ಹೆಸರು ಒಂದೇ ತೆರನಾದರೂ ಜಾನ್ ಅವರಿಗೂ ಇವರಿಗೂ ನೆಂಟಸ್ತಿಕೆಯಿಲ್ಲ. ಸಂಗೀತ ಬಾಬಿ ಪ್ರಿನ್ಸ್ ಅವರದು. ಡೂಮ್ ಅಂದಾಗ ಜಾನ್ ಕಾರ್ಮ್ಯಾಕ್ ಹೆಸರು ಹೇಳುವವರು ನೂರು ಮಂದಿ ಸಿಕ್ಕರೆ, ಇವರಿಬ್ಬರ ಹೆಸರು ಹೇಳುವವರು ಹತ್ತು ಮಂದಿ ಸಿಗುವುದೂ ಕಷ್ಟ. ಕೋಡ್ ಬರೆದವನೇ ಆಟದ ಕರ್ತೃ, ಚಿತ್ರ ಬರೆದವನು ಅಲಂಕಾರ ಮಾಡಿದವನು ಎಂಬ ಭಾವನೆ ಈ ಲೋಕದಲ್ಲಿ ಆಳವಾಗಿ ಕೂತಿದೆ. ಹಕ್ಕಿನ ವಿಷಯದಲ್ಲಿ ಆಗುವ ಎಲ್ಲ ಗೋಜಲಿಗೂ ಬೇರು ಅಲ್ಲಿದೆ ಎಂದು ನನ್ನ ನಂಬಿಕೆ.

‘ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್’ ಎಂಬ ರೈಲು-ಬಸ್ಸು ನಡೆಸುವ ಆಟದಲ್ಲೂ ಹೀಗೇ ಆಯಿತು. 2004ರಲ್ಲಿ ಅದರ ಮುಕ್ತ ರೂಪ ‘ಓಪನ್‌ಟಿಟಿಡಿ’ ಬಂದಾಗ ಹಳೆಯ ಆಟದ ಸಿ.ಡಿ. ಇದ್ದವರು ಮಾತ್ರ ಅದನ್ನು ಆಡಬಹುದಿತ್ತು, ಚಿತ್ರಗಳೆಲ್ಲ ಅದರಿಂದಲೇ ಬರಬೇಕಿತ್ತು. ಸ್ವಯಂಸೇವಕರು ರೈಲು, ಮನೆ, ಮರ, ಸೇತುವೆಗಳನ್ನೆಲ್ಲ ಹೊಸದಾಗಿ ಬಿಡಿಸಿದರು. ಸದ್ದಿಗೆ ಬೇರೆ ಕಟ್ಟು, ಸಂಗೀತಕ್ಕೆ ಬೇರೆ ಕಟ್ಟು. 2010ರಲ್ಲಿ ಆ ಆಟದ 1.0 ಆವೃತ್ತಿ ಬಂದಾಗ ಅದು ಹಳೆಯ ಸಿ.ಡಿ.ಯ ಹಂಗಿಲ್ಲದೆ ತನ್ನ ಕಾಲ ಮೇಲೆ ನಿಂತಿತ್ತು.

ಚಿತ್ರಗಳ ಹಕ್ಕನ್ನು ಇಟ್ಟುಕೊಂಡು ಕೋಡ್ ಮಾತ್ರ ಕೊಡುವುದು ತಪ್ಪಲ್ಲ. ಕೊಡದಿದ್ದವರಿಗಿಂತ ಅವರು ಎಷ್ಟೋ ಉದಾರಿಗಳು. ಆದರೆ ಅದನ್ನು ಓದುವವರಿಗೆ ಅರ್ಥವಾಗುವಂತೆ ಬರೆದಿರಬೇಕು, ಓದುವವರು ಪೂರ್ತಿ ಓದಬೇಕು. ವುಲ್ಫೈರ್ ಗೇಮ್ಸ್ ಎಂಬ ಸಣ್ಣ ತಂಡದ ‘ಲುಗಾರು’ ಆಟದಲ್ಲಿ ಮೊಲವೊಂದು ತೋಳಗಳ ಜತೆ ಕಾದಾಡುತ್ತದೆ. 2010ರ ಮೇ ತಿಂಗಳಲ್ಲಿ ‘ಹಂಬಲ್ ಇಂಡಿ ಬಂಡಲ್’ ಎಂಬ ಮಾರಾಟ ನಡೆಯಿತು. ಕೊಳ್ಳುವವರು ತಮಗೆ ತೋಚಿದ ಬೆಲೆ ಕೊಡಬಹುದಿತ್ತು. ಸಂಗ್ರಹ 10 ಲಕ್ಷ ಡಾಲರ್ ದಾಟಿದ ಮೇಲೆ ಅದರಲ್ಲಿದ್ದ ನಾಲ್ಕು ಆಟಗಳ ಕೋಡನ್ನು ತೆರೆಯಲಾಯಿತು. ಲುಗಾರು ಅವುಗಳಲ್ಲಿ ಒಂದು. ಕೋಡ್‌ಗೆ ಜಿಪಿಎಲ್ ಬಂತು. ಪಾತ್ರ, ಚಿತ್ರ, ಧ್ವನಿಗಳ ಹಕ್ಕು ತಂಡದ ಬಳಿಯೇ ಉಳಿಯಿತು. 2011ರ ಆರಂಭದಲ್ಲಿ ಬೇರೊಂದು ಕಂಪನಿ ಇಡೀ ಆಟವನ್ನು ಚಿತ್ರ, ಸದ್ದುಗಳ ಸಮೇತ ಎತ್ತಿಕೊಂಡು, ಹೆಸರನ್ನೂ ಹೆಚ್ಚುಕಡಿಮೆ ಹಾಗೆಯೇ ಇಟ್ಟು, ಆಪಲ್‌ನ ಆನ್‌ಲೈನ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಮಾರಾಟಕ್ಕಿಟ್ಟಿತು. ಕೋಡ್ ಮುಕ್ತ ಆದಮೇಲೆ ಮಾರಲು ತಮಗೆ ಹಕ್ಕಿದೆ ಎಂಬುದು ಅವರ ವಾದ. ಅದೇ ಅಂಗಡಿಯಲ್ಲಿ ತಮ್ಮ ಆಟ ಮಾರುತ್ತಿದ್ದ ಮೂಲ ತಂಡದವರು ಬಹಿರಂಗವಾಗಿ ದೂರಬೇಕಾಯಿತು. ನಕಲು ಕೊನೆಗೆ ಅಂಗಡಿಯಿಂದ ಇಳಿಯಿತು. ಅಷ್ಟಾದ ಮೇಲೂ ಆ ತಂಡ ಬಾಗಿಲು ಹಾಕಿಕೊಳ್ಳಲಿಲ್ಲ ಎಂಬುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 2016ರಲ್ಲಿ ಲುಗಾರುವಿನ ಚಿತ್ರ, ಧ್ವನಿಗಳನ್ನೂ, ಕಲಾಕೃತಿಗಳನ್ನು ಹಂಚಿಕೊಳ್ಳಲೆಂದು ರೂಪಿಸಿದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟರು.

ಚಿತ್ರ ಮತ್ತು ಸಂಗೀತವೂ ಮುಕ್ತವಾಗಿರಲೇಬೇಕೆ ಎಂಬುದು ಬೇರೆಯೇ ಚರ್ಚೆ. ಮುಕ್ತ ತಂತ್ರಾಂಶ ಚಳವಳಿಯನ್ನು ಕಟ್ಟಿದ ರಿಚರ್ಡ್ ಸ್ಟಾಲ್ಮನ್ ಆಟದ ಕೋಡ್ ಮುಕ್ತವಾಗಿರಬೇಕು ಎಂದು ಪಟ್ಟು ಹಿಡಿಯುತ್ತಾರೆ. ಚಿತ್ರಕಲೆ ತಂತ್ರಾಂಶವಲ್ಲ, ಅದರ ಪ್ರಶ್ನೆ ಬೇರೆ ಎನ್ನುತ್ತಾರೆ. ಅವರ ಮಾತಿನ ತರ್ಕ ನನಗೆ ತಿಳಿಯುತ್ತದೆ. ಒಪ್ಪುವುದು ಮಾತ್ರ ಕಷ್ಟ. ಆಟದಲ್ಲಿ ಚಿತ್ರ ಮತ್ತು ಕೋಡ್ ಹಾಲು-ಸಕ್ಕರೆಯಂತೆ ಬೆರೆತಿರುತ್ತವೆ. ಪಾತ್ರದ ಎತ್ತರ ಬದಲಿಸಿದರೆ ಅದು ಜಿಗಿಯುವ ಲೆಕ್ಕವೂ ಬದಲಾಗಬೇಕು. ಹಂತದ ನಕ್ಷೆ ಚಿತ್ರವೋ ಕೋಡೋ ಎಂದು ಕೇಳಿದರೆ ಒಂದೇ ಉತ್ತರ ಸಿಗದು. ಚಿತ್ರ ತಿದ್ದಲು ಬಿಡದ ಆಟದಲ್ಲಿ ಕೋಡ್ ತಿದ್ದುವ ಸ್ವಾತಂತ್ರ್ಯ ಇದ್ದರೂ ಅದರಿಂದ ಆಗುವ ಪ್ರಯೋಜನ ಅಲ್ಪ.

ಮುಕ್ತ ತಂತ್ರಾಂಶಗಳನ್ನು ಒಟ್ಟುಗೂಡಿಸಿ ಹಂಚುವ ಡೆಬಿಯನ್ ಯೋಜನೆ ಇದನ್ನು ಬಹಳ ಹಿಂದೆಯೇ ಕಂಡುಕೊಂಡಿತ್ತು. ಅವರು 1997ರಲ್ಲಿ ಒಪ್ಪಿಕೊಂಡ ನಿಯಮಾವಳಿ ಇದೆ. ಅದಕ್ಕೆ ಹೊಂದದ್ದು ಏನೇ ಇರಲಿ, ಮುಖ್ಯ ವಿಭಾಗದ ಒಳಗೆ ಬರುವಂತಿಲ್ಲ. ಚಿತ್ರ, ಧ್ವನಿಗಳಿಗೂ ವಿನಾಯಿತಿಯಿಲ್ಲ. ‘ಉರ್-ಕ್ವಾನ್ ಮಾಸ್ಟರ್ಸ್’ ಎಂಬ ಆಟವಿದೆ. 1992ರ ‘ಸ್ಟಾರ್ ಕಂಟ್ರೋಲ್ 2’ ಆಟದ ಕೋಡನ್ನು ಅದನ್ನು ಸೃಷ್ಟಿಸಿದವರು 2002ರಲ್ಲಿ ಬಿಟ್ಟುಕೊಟ್ಟಾಗ ಹುಟ್ಟಿದ್ದು. ಹಳೆಯ ಹೆಸರಿನ ಟ್ರೇಡ್‌ಮಾರ್ಕ್ ಬೇರೆಯವರ ಬಳಿ ಇದ್ದುದರಿಂದ ಹೆಸರನ್ನೇ ಬದಲಿಸಬೇಕಾಯಿತು. ಕೋಡ್‌ಗೆ ಜಿಪಿಎಲ್, ಚಿತ್ರ, ಸಂಭಾಷಣೆ, ಸಂಗೀತಕ್ಕೆ ‘ವಾಣಿಜ್ಯ ಬಳಕೆ ಕೂಡದು’ ಎಂಬ ಷರತ್ತಿನ ಕ್ರಿಯೇಟಿವ್ ಕಾಮನ್ಸ್ ಪರವಾನಗಿ. ಹೀಗಾಗಿ ಡೆಬಿಯನ್‌ನಲ್ಲಿ ಅದರ ಚಿತ್ರ, ಧ್ವನಿಗಳು ಮುಕ್ತವಲ್ಲದ ವಿಭಾಗದಲ್ಲಿವೆ. ಅವುಗಳನ್ನು ನೆಚ್ಚಿಕೊಂಡ ಕಾರಣಕ್ಕೆ ಪೂರ್ತಿ ಮುಕ್ತವಾದ ಕೋಡ್ ಕೂಡ ಮುಖ್ಯ ಮನೆಯ ಹೊರಗೆ ಕೂತಿದೆ.

‘ವಾಣಿಜ್ಯ ಬಳಕೆ ಕೂಡದು’ ಅನ್ನುವ ಷರತ್ತು ಕಲಾವಿದರಿಗೆ ಬಹಳ ಹಿಡಿಸುತ್ತದೆ. ತನ್ನ ಚಿತ್ರದಿಂದ ಯಾರೋ ದುಡ್ಡು ಮಾಡಿಕೊಳ್ಳಬಾರದು ಅನ್ನುವುದು ನ್ಯಾಯವಾದ ಆಸೆ. ಆದರೆ ಅದು ತಡೆಯುವುದು ದೊಡ್ಡ ಕಂಪನಿಗಳನ್ನಷ್ಟೇ ಅಲ್ಲ. ಪೆನ್‌ಡ್ರೈವ್‌ನಲ್ಲಿ ತುಂಬಿಕೊಟ್ಟು ಸ್ವಲ್ಪ ಲಾಭ ಇಟ್ಟುಕೊಳ್ಳುವ ಹಳ್ಳಿಯ ಕಂಪ್ಯೂಟರ್ ಅಂಗಡಿಯವನು, ಫೀಸು ಪಡೆದು ಬೇಸಿಗೆ ಶಿಬಿರ ನಡೆಸುವವರು, ಜಾಹೀರಾತು ಇರುವ ವಿಡಿಯೊ ಮಾಡುವ ಹುಡುಗಿ, ಇವರೆಲ್ಲ ಗೆರೆಯ ಯಾವ ಕಡೆ ನಿಲ್ಲುತ್ತಾರೆಂದು ಹೇಳುವುದು ಕಷ್ಟ. ಅನುಮಾನ ಬಂದಲ್ಲಿ ಜನ ಹಿಂಜರಿಯುತ್ತಾರೆ, ಚಿತ್ರ ಯಾರಿಗೂ ತಲುಪದೆ ಉಳಿಯುತ್ತದೆ. ಆಟಕ್ಕಾಗಿ ಚಿತ್ರ ಬರೆಯುವವರಿಗೆ ನಾನು ಹೇಳುವುದಾದರೆ, ‘ಸಿಸಿ ಬೈ-ಎಸ್‌ಎ’ ಪರವಾನಗಿ ಇದಕ್ಕಿಂತ ಮೇಲು. ಬಳಸಿದವರು ನಿಮ್ಮ ಹೆಸರು ಹಾಕಲೇಬೇಕು. ನಿಮ್ಮ ಚಿತ್ರವನ್ನು ತಿದ್ದಿ ಹಂಚಿದರೆ ತಿದ್ದಿದ್ದನ್ನೂ ಅದೇ ಷರತ್ತಿನಲ್ಲಿ ಎಲ್ಲರಿಗೂ ಕೊಡಬೇಕು. ಅದನ್ನು ಬಚ್ಚಿಟ್ಟುಕೊಂಡು ತನ್ನದೆಂದು ಬೀಗ ಹಾಕುವವನಿಗೆ ಆ ದಾರಿ ಮುಚ್ಚಿರುತ್ತದೆ.

ಕೋಡ್‌ಗೆಂದು ಬರೆದ ಜಿಪಿಎಲ್ಲನ್ನೇ ಚಿತ್ರಕ್ಕೂ ಹಾಕುವವರಿದ್ದಾರೆ. 2003ರಲ್ಲಿ ಶುರುವಾದ ‘ಬ್ಯಾಟಲ್ ಫಾರ್ ವೆಸ್ನಾತ್’ ಆಟದ ತಂಡ ಬಹುಕಾಲ ಹಾಗೇ ಮಾಡಿತು. ಜಿಪಿಎಲ್ ಹೇಳುವುದು ಹೀಗೆ: ತಿದ್ದಲು ಯಾವ ರೂಪ ಅನುಕೂಲವೋ ಆ ಮೂಲರೂಪವನ್ನೂ ಕೊಡಬೇಕು. ಕೋಡ್‌ಗೆ ಅದು ಸಲೀಸು. ಸಂಗೀತಕ್ಕೆ ಮೂಲರೂಪ ಯಾವುದು? ಸ್ವರ ಬರೆದ ಹಾಳೆಯೇ, ಒಂದೊಂದು ವಾದ್ಯದ ಬೇರೆ ಬೇರೆ ಟ್ರ್ಯಾಕೇ, ವಾದ್ಯದ ಸದ್ದು ಕೊಟ್ಟ, ದುಡ್ಡು ಕೊಟ್ಟು ಕೊಂಡ ಸ್ಯಾಂಪಲ್ಲುಗಳೇ? ಕೊನೆಯದನ್ನು ಸಂಗೀತಗಾರ ಕೊಡಲಾರ, ಅದು ಅವನದಲ್ಲ. ವೆಸ್ನಾತ್ ಆಮೇಲೆ ಹೊಸ ಚಿತ್ರ, ಸಂಗೀತಗಳಿಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನೂ ಒಪ್ಪಿಕೊಂಡಿತು. ಪ್ರಾಚೀನ ಯುದ್ಧಗಳ ‘0 ಎ.ಡಿ.’ ಆಟದಲ್ಲಿ ಕೋಡ್‌ಗೆ ಜಿಪಿಎಲ್, ಕಲೆಗೆ ಸಿಸಿ ಬೈ-ಎಸ್‌ಎ ಎಂದು ಹಂಚಿಕೊಂಡಿದ್ದಾರೆ. 2015ರಿಂದ ಈಚೆಗೆ ಸಿಸಿ ಬೈ-ಎಸ್‌ಎ 4.0ರಲ್ಲಿ ಇರುವುದನ್ನು ಜಿಪಿಎಲ್ 3ರ ಒಳಗೆ ಬೆರೆಸಬಹುದು, ತಿರುಗಿಸಿ ಬೆರೆಸುವಂತಿಲ್ಲ.

ಬೇರೆಯವರ ಚಿತ್ರವನ್ನು ಹೆದರದೆ ಬಳಸುವ ದಾರಿಗಳೂ ಇವೆ. ‘ಓಪನ್ ಗೇಮ್ ಆರ್ಟ್’ ತಾಣದಲ್ಲಿ ಪ್ರತಿ ಚಿತ್ರದ ಪಕ್ಕ ಪರವಾನಗಿ ಬರೆದಿರುತ್ತದೆ. 2012ರಲ್ಲಿ ಆ ತಾಣ, ಕ್ರಿಯೇಟಿವ್ ಕಾಮನ್ಸ್, ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸೇರಿ ‘ಲಿಬರೇಟೆಡ್ ಪಿಕ್ಸೆಲ್ ಕಪ್’ ಸ್ಪರ್ಧೆ ನಡೆಸಿದವು. ಎಲ್ಲರೂ ಒಂದೇ ಶೈಲಿಯಲ್ಲಿ ಬಿಡಿಸಬೇಕು, ಆಗ ಒಬ್ಬರ ಅಂಗಿ ಇನ್ನೊಬ್ಬರ ಪಾತ್ರಕ್ಕೆ ಹೊಂದುತ್ತದೆ ಎಂಬುದು ಅದರ ಒಳ್ಳೆಯ ಯೋಚನೆ. ಇವತ್ತಿಗೂ ಆ ಸಂಗ್ರಹ ಬೆಳೆಯುತ್ತಿದೆ. ಬಾರ್ಸಿಲೋನಾದ ಪಾಂಪೆಯು ಫಾಬ್ರಾ ವಿಶ್ವವಿದ್ಯಾಲಯದವರು 2005ರಲ್ಲಿ ಶುರುಮಾಡಿದ ‘ಫ್ರೀಸೌಂಡ್’ ಸದ್ದುಗಳ ದೊಡ್ಡ ಭಂಡಾರ. ಅಲ್ಲಿ ಎಲ್ಲಕ್ಕೂ ಒಂದೇ ಪರವಾನಗಿ ಇಲ್ಲ, ಒಂದೊಂದನ್ನೂ ನೋಡಿಯೇ ತೆಗೆದುಕೊಳ್ಳಬೇಕು. ‘ಗ್ಲಿಚ್’ ಎಂಬ ಆನ್‌ಲೈನ್ ಆಟ 2012ರ ಡಿಸೆಂಬರಿನಲ್ಲಿ ಮುಚ್ಚಿತು. ಮರುವರ್ಷ ಅದರ ಒಡೆಯರು ಆಟದ ಬಹುಪಾಲು ಚಿತ್ರಗಳನ್ನು ಸಿಸಿ-ಝೀರೋ ಅಡಿಯಲ್ಲಿ ಯಾವ ಷರತ್ತೂ ಇಲ್ಲದೆ ಲೋಕಕ್ಕೆ ಬಿಟ್ಟರು. ನಷ್ಟವಾಗಿ ನಿಂತುಹೋದ ಆಟಗಳು ಎಷ್ಟೋ ಇವೆ, ಅವುಗಳಿಗಾಗಿ ಕಲಾವಿದರು ವರ್ಷಗಟ್ಟಲೆ ಬರೆದದ್ದು ಯಾವುದೋ ಡಿಸ್ಕಿನಲ್ಲಿ ಕೊಳೆಯುತ್ತಿದೆ. ಆಟ ನಿಲ್ಲಿಸುವ ಪ್ರತಿ ಸಂಸ್ಥೆಯೂ ಗ್ಲಿಚ್‌ನವರನ್ನು ನೋಡಿ ಕಲಿಯಬೇಕು.

ನಮ್ಮ ಕಾನೂನು ಏನು ಹೇಳುತ್ತದೆ? 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಚಿತ್ರಕ್ಕೆ ಕಲಾತ್ಮಕ ಗುಣ ಇದೆಯೋ ಇಲ್ಲವೋ ಎಂಬುದು ಲೆಕ್ಕಕ್ಕೆ ಬಾರದು. ಶಾಲೆಯ ಹುಡುಗ ಗೀಚಿದ ಹುಲಿಯ ಚಿತ್ರಕ್ಕೂ ಹಕ್ಕುಂಟು. ಅದನ್ನು ಎಲ್ಲೂ ನೋಂದಾಯಿಸಬೇಕಿಲ್ಲ, ಬರೆದ ಕ್ಷಣದಿಂದ ಹಕ್ಕು ಇರುತ್ತದೆ. ಬರೆದವರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಅದು ನಡೆಯುತ್ತದೆ. ಇಂಟರ್‌ನೆಟ್‌ನಲ್ಲಿ ಸಿಕ್ಕಿತು, ಕೆಳಗೆ ಯಾರ ಹೆಸರೂ ಇರಲಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಬಾಯಿಮಾತಿನ ಒಪ್ಪಿಗೆಯನ್ನೂ ನೆಚ್ಚಿಕೊಳ್ಳಬಾರದು, ಅನುಮತಿ ಬರಹದಲ್ಲಿರಬೇಕು. ಬರಹದಲ್ಲಿ ಎಷ್ಟು ಕಾಲಕ್ಕೆ ಎಂದು ಹೇಳದಿದ್ದರೆ ಕಾಯ್ದೆ ಅದನ್ನು 5 ವರ್ಷಕ್ಕೆಂದು ಹಿಡಿಯುತ್ತದೆ. ಎಲ್ಲಿಗೆ ಎಂದು ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದು ಹಿಡಿಯುತ್ತದೆ. ಗೆಳೆಯನೊಬ್ಬ ‘ಬಳಸ್ಕೊ ಮಾರಾಯ’ ಎಂದು ಕಳಿಸಿದ ಒಂದು ಸಾಲಿನ ಮೇಲೆ ಲೋಕವೆಲ್ಲ ಇಳಿಸಿಕೊಳ್ಳುವ ಆಟ ಕಟ್ಟುವುದು ಎಷ್ಟು ಅಪಾಯ ಎಂದು ಇದರಿಂದಲೇ ತಿಳಿಯುತ್ತದೆ. ಕ್ರಿಯೇಟಿವ್ ಕಾಮನ್ಸ್‌ನಂಥ ಸಿದ್ಧ ಪರವಾನಗಿಗಳು ಅವಧಿಯನ್ನೂ ವ್ಯಾಪ್ತಿಯನ್ನೂ ಬಿಡಿಸಿ ಹೇಳಿರುತ್ತವೆ, ಅವುಗಳ ದೊಡ್ಡ ಉಪಕಾರ ಅದು.

ಕನ್ನಡದಲ್ಲಿ ಚೌಕಾಬಾರವನ್ನೋ ಅಳಗುಳಿಮಣೆಯನ್ನೋ ಮುಕ್ತ ಆಟವಾಗಿ ಮಾಡಹೊರಟವರಿಗೆ ನಿಯಮಗಳ ಚಿಂತೆಯಿಲ್ಲ. ಆಟ ಆಡುವ ವಿಧಾನಕ್ಕೆ ಹಕ್ಕುಸ್ವಾಮ್ಯವಿಲ್ಲ. ವಿಚಾರಕ್ಕೆ ರಕ್ಷಣೆಯಿಲ್ಲ, ಅದನ್ನು ಪ್ರಕಟಿಸಿದ ರೂಪಕ್ಕೆ ಮಾತ್ರ ಎಂದು ಸುಪ್ರೀಂ ಕೋರ್ಟು 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಆದರೆ ಮಣೆಯ ಕೆತ್ತನೆಯ ಫೋಟೊ ಯಾರೋ ತೆಗೆದದ್ದು. ಆಟದ ಹಿನ್ನೆಲೆಗೆ ಯಕ್ಷಗಾನದ ಚೆಂಡೆ ಬೇಕೆನಿಸಿದರೆ ಇನ್ನೂ ಎಚ್ಚರ ಬೇಕು. ಪ್ರಸಂಗದ ಪದ್ಯ ಶತಮಾನಗಳ ಹಿಂದಿನದಾಗಿರಬಹುದು, ಅದು ಎಲ್ಲರದು. ಅದನ್ನು ಹಾಡಿದ ಭಾಗವತರಿಗೆ, ಚೆಂಡೆ ನುಡಿಸಿದವರಿಗೆ ಕಲಾವಿದರ ಹಕ್ಕು 50 ವರ್ಷ ಇರುತ್ತದೆ. ಧ್ವನಿಮುದ್ರಣಕ್ಕೆ, ಅದು ಪ್ರಕಟವಾದ ಮೇಲೆ 60 ವರ್ಷ. ಪುರಂದರದಾಸರ ಪದಗಳ ಮಾತೂ ಇದೇ: ಪದ ನಮ್ಮೆಲ್ಲರದು, ಕ್ಯಾಸೆಟ್ಟಿನಲ್ಲಿ ಕೇಳುವ ಗಾಯನ ಅಲ್ಲ. ಅಕ್ಷರವಿನ್ಯಾಸವನ್ನೂ ಮರೆಯುವಂತಿಲ್ಲ. ಬೆರಳಚ್ಚಿಗೆ ಬಳಸುವ ಎಲ್ಲ ಫಾಂಟನ್ನೂ ಆಟದೊಳಗೆ ಸೇರಿಸಿ ಹಂಚಲು ಅನುಮತಿ ಇರುವುದಿಲ್ಲ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ ಮುಂತಾದವು ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ ಸಿಗುತ್ತವೆ, ಅವನ್ನು ಧೈರ್ಯವಾಗಿ ಸೇರಿಸಬಹುದು.

ನಮ್ಮ ಕಾಲೇಜುಗಳಲ್ಲಿ ಆಟ ಕಟ್ಟುವ ಹುಡುಗ ಹುಡುಗಿಯರು ಈಗ ಬೇಕಾದಷ್ಟಿದ್ದಾರೆ. ಅವರಿಗೆ ಒಂದು ಮಾತು. ಮೊದಲ ಚಿತ್ರ ಸೇರಿಸುವ ದಿನವೇ ಒಂದು ಕಡತ ತೆರೆಯಿರಿ. ಚಿತ್ರದ ಹೆಸರು, ಮಾಡಿದವರ ಹೆಸರು, ಎಲ್ಲಿಂದ ಬಂತು, ಯಾವ ಪರವಾನಗಿ, ನೀವು ಏನು ತಿದ್ದಿದಿರಿ ಎಂಬುದನ್ನು ಅಂದಂದೇ ಬರೆದಿಡಿ. ಆಮೇಲೆ ಬರೆಯೋಣ ಎಂದರೆ ಆಗದು, ಆರು ತಿಂಗಳ ನಂತರ ಆ ಸದ್ದು ಎಲ್ಲಿಂದ ತಂದದ್ದೆಂದು ನಿಮಗೇ ನೆನಪಿರುವುದಿಲ್ಲ. ನಿಮ್ಮ ಊರಲ್ಲೇ ಚಿತ್ರ ಬರೆಯುವವರು, ಮದ್ದಳೆ ನುಡಿಸುವವರು ಇದ್ದರೆ ಅವರ ಮನೆಗೆ ಹೋಗಿ ಕೇಳಿ. ಕೈಲಾದಷ್ಟು ಹಣ ಕೊಡಿ, ಪರವಾನಗಿಯಲ್ಲಿ ಏನಿದೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಆಟದ ಮೊದಲ ಪರದೆಯಲ್ಲಿ ನಿಮ್ಮ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಅವರ ಹೆಸರನ್ನೂ ಹಾಕಿ. ಅವರು ಬೇಡವೆಂದರೆ ಬೇಡ, ಬೇರೆ ಚಿತ್ರ ಹುಡುಕಿಕೊಳ್ಳಿ.